ಮೇಲಿನ ಹಗ್ಗದ ಗಂಟು

ಕೃಷ್ಣಾ ಹೊಳೆಯ ದಂಡೆಗೆ ಒಂದು ಊರು. ಆ ಊರಿಗೆ ಒಂದು ಗರಡಿ ಮನೆ. ಗರಡಿ ಮನೆಯ ಗೋಡೆಯ ಮೇಲೆ ಒಂದು ಬೆಳ್ಳಿ ಗದೆ.

ಗದೆ ಊರಿನದಲ್ಲ, ಗೆದ್ದವರದು. ವರ್ಷಕ್ಕೊಮ್ಮೆ ಹೋಳಿ ಹುಣ್ಣಿಮೆಗೆ ಹೊಳೆಯ ದಂಡೆಯಲ್ಲಿ ಕುಸ್ತಿ ನಡೆಯುತ್ತಿತ್ತು. ಯಾವ ಊರಿನವನು ಗೆದ್ದನೋ ಗದೆ ಆ ಊರಿಗೆ. ಗದೆಯ ಹಿಂದೆ ಮಕ್ಕಳೂ ಹೋಗುತ್ತಿದ್ದರು. ಗದೆ ಇರುವ ಗರಡಿಗೇ ತಂದೆ ತಾಯಿ ಮಕ್ಕಳನ್ನು ಸೇರಿಸುತ್ತಿದ್ದರು. ಗದೆ ಕಳಕೊಂಡ ಗರಡಿಯಲ್ಲಿ ಮಣ್ಣು ಅಗೆಯುವವರಿರಲಿಲ್ಲ. ಮಣ್ಣು ಗಟ್ಟಿಯಾಗುತ್ತಿತ್ತು. ಆಮೇಲೆ ಬಾಗಿಲಿಗೆ ಬೀಗ ಬೀಳುತ್ತಿತ್ತು. ಅಕ್ಕಪಕ್ಕದ ಊರುಗಳಲ್ಲಿ ಹಾಗೆ ಮುಚ್ಚಿದ ಗರಡಿಗಳಿದ್ದವು. ಒಂದರಲ್ಲಿ ಈಗ ಮೇವು ಒಟ್ಟಿದ್ದರು.

ಈ ಊರಿನ ಗದೆಯನ್ನು ಉಳಿಸಿಕೊಂಡು ಬಂದವನು ಲಗಮಣ್ಣ ಪೈಲ್ವಾನ. ಅವನಿಗೆ ಕಲಿಸಿದವರು ದಸ್ತಗೀರ ವಸ್ತಾದ. ಅವರಿಗೆ ಮಕ್ಕಳಿಲ್ಲ. ಗರಡಿಯೇ ಮನೆ, ಲಗಮಣ್ಣನೇ ಮಗ.

ಲಗಮಣ್ಣನ ಹೆಂಡತಿ ಸತ್ಯವ್ವ. ಮಳೆಗಾಲದ ಕೊನೆಗೆ ಜ್ವರ ಬಂತು. ಹೋದಳು.

ಅದನ್ನು ಉದ್ದ ಮಾಡಿ ಹೇಳಿದರೂ ಅಷ್ಟೇ.

ಮಣ್ಣು ಮಾಡಿ ಬಂದ ದಿನ ಲಗಮಣ್ಣನ ಕಣ್ಣು ತುಂಬಿ ಬಂತು. ಗದ್ದ ನಡುಗಿತು. ವಸ್ತಾದರು ಹೆಗಲ ಮೇಲೆ ಕೈ ಇಟ್ಟರು.

"ಅಳಬ್ಯಾಡೋ ಮಗನ. ಪೈಲ್ವಾನ ಅದಿ ನೀನು. ಊರ ನೋಡಾಕತ್ತೈತಿ."

ಪ್ರೀತಿಯಿಂದ ಹೇಳಿದ ಮಾತು. ಲಗಮಣ್ಣ ನುಂಗಿಕೊಂಡ. ಆ ದಿನ ಅಳಲಿಲ್ಲ. ಆಮೇಲೂ ಅಳಲಿಲ್ಲ.

ಅಂದಿನಿಂದ ಅವನಿಗೆ ಹಸಿವು ಹೋಯಿತು.

ತಾಟಿನಲ್ಲಿ ರೊಟ್ಟಿ ಇರುತ್ತಿತ್ತು. ನೋಡುತ್ತಾ ಕೂಡುತ್ತಿದ್ದ. ರೊಟ್ಟಿ ಆರುತ್ತಿತ್ತು. ಎದ್ದು ಹೋಗುತ್ತಿದ್ದ. ತೊಡೆ ಇಳಿಯಿತು. ಹೆಗಲ ಮೂಳೆ ಕಾಣಿಸಿತು. ಒಂದು ದಿನ ಅಭ್ಯಾಸದಲ್ಲಿ ಮೀಸೆ ಮೂಡದವನೊಬ್ಬ ಅವನನ್ನು ಎತ್ತಿ ಹಾಕಿದ. ಹಾಕಿದವನೇ ಹೆದರಿ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಗರಡಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು.

ಊರು ಸುಮ್ಮನೆ ಕೂಡಲಿಲ್ಲ. ಗೌಡರ ಮನೆಯಿಂದ ತುಪ್ಪ ಬಂತು. ಒಬ್ಬರು ಎಮ್ಮೆಯ ಹಾಲು ತಂದರು. ಬದಾಮಿ ಬಂತು, ಉತ್ತತ್ತಿ ಬಂತು, ಅಂಟಿನ ಉಂಡಿ ಬಂತು. ವಸ್ತಾದರು ಪೇಟೆಗೆ ಹೋಗಿ ಅಶ್ವಗಂಧದ ಪುಡಿ ತಂದು ಹಾಲಿನಲ್ಲಿ ಕದಡಿ ಕುಡಿಸಿದರು. ಎಲ್ಲಾ ಬಲದ ಪದಾರ್ಥ. ಕುಡಿದದ್ದು ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತು. ಹುಳಿ ತೇಗು. ಮೈ ಭಾರ. ಇನ್ನೂ ಇಳಿದ.

ಚಳಿಗಾಲ ಬಂದಿತ್ತು. ಪಕ್ಕದ ಊರಿನ ಕಲಗೌಡ ಹೋಳಿಯ ಕುಸ್ತಿಗೆ ಇಳಿಯುತ್ತಾನೆ ಅಂತ ಸುದ್ದಿ ಬಂತು. ಅವನಿಗೆ ಜನ ಗಿರಣಿ ಅನ್ನುತ್ತಿದ್ದರು. ಕೈಗೆ ಸಿಕ್ಕವರನ್ನು ಹಿಟ್ಟು ಮಾಡುವವನು.

ವಸ್ತಾದರು ಲಗಮಣ್ಣನ ಕೈ ಹಿಡಕೊಂಡು ಹೊಳೆ ದಾಟಿದರು. ಆಚೆ ದಂಡೆಯಲ್ಲಿ ಮಡಿವಾಳಯ್ಯನವರ ಮನೆ. ಅವರು ವೈದ್ಯರು. ಅವರದೊಂದು ಪದ್ಧತಿ. ಬೇರು, ಕಾಯಿ, ತೊಗಟೆಗಳನ್ನು ಹೆಸರು ನೋಡಿ ಇಡುತ್ತಿರಲಿಲ್ಲ, ಅವು ಮೈಯಲ್ಲಿ ಮಾಡುವ ಕೆಲಸ ನೋಡಿ ಇಡುತ್ತಿದ್ದರು. ಪಡಸಾಲೆಯಲ್ಲಿ ಒಂದರ ಮೇಲೊಂದು ಹಗ್ಗ ಕಟ್ಟಿದ್ದರು. ಒಂದೊಂದು ಹಗ್ಗಕ್ಕೆ ಒಂದು ಕೆಲಸದ ಔಷಧ ಕಟ್ಟಿದ ಬಟ್ಟೆಯ ಗಂಟುಗಳು. ಎಲ್ಲಕ್ಕೂ ಮೇಲಿನ ಹಗ್ಗಕ್ಕೆ ಮೈ ತುಂಬಿಸುವ ಔಷಧ. ಅದು ಕೈಗೆ ಎಟುಕುತ್ತಿರಲಿಲ್ಲ. ಕೋಲಿನಿಂದ ಇಳಿಸಬೇಕು.

ವಸ್ತಾದರು ಒಳಗೆ ಬಂದವರೇ ಮೇಲೆ ನೋಡಿದರು.

"ಅಯ್ಯಾರ, ಮ್ಯಾಲಿನ ಹಗ್ಗದ್ದು ಕೊಡ್ರಿ. ಕೈತುಂಬ ಕೊಡ್ರಿ. ಹೋಳಿ ಹತ್ರ ಬಂತು."

"ಎಲ್ಲಾರೂ ಮ್ಯಾಲ ನೋಡಕೋತ ಬರ್ತಾರ," ಅಂದರು ಅಯ್ಯನವರು. "ಕೆಳಗಿನ ಹಗ್ಗಕ್ಕ ಗಿರಾಕಿನ ಇಲ್ಲ. ಬಾರೋ ತಮ್ಮಾ, ನಾಲಿಗಿ ತಗಿ."

ಲಗಮಣ್ಣ ನಾಲಿಗೆ ತೆಗೆದ. ಸುಣ್ಣ ಬಳಿದ ಹಾಗಿತ್ತು. ಅಯ್ಯನವರು ಹೊಟ್ಟೆ ಒತ್ತಿ ನೋಡಿದರು.

"ಏನೇನ ಹಾಕೀರಿ ಇದರಾಗ?"

"ತುಪ್ಪ, ಬದಾಮಿ, ಅಂಟಿನ ಉಂಡಿ, ಅಶ್ವಗಂಧ..."

"ಸಾಕ್ ಬಿಡ್ರಿ. ಹೊಟ್ಟಿ ಅಲ್ಲ, ಕಿರಾಣಿ ಅಂಗಡಿ ಮಾಡೀರಿ. ಹೊಳಿ ದಾಟಿ ಬಂದೀರಿ, ಜಳಕ ಮಾಡ್ರಿ ಮೊದಲ. ನೀರ ಕಾಸೋಣ ಬರ್ರಿ."

ಹಿತ್ತಲಲ್ಲಿ ನೀರಿನ ಹಂಡೆ ಇತ್ತು. ಕೆಳಗಿನ ಒಲೆಯ ತುಂಬ ಬೂದಿ. ಅಯ್ಯನವರು ಒಂದು ದೊಡ್ಡ ಜಾಲಿ ಕಟ್ಟಿಗೆ ತಂದು ಆ ಬೂದಿಯೊಳಗೆ ತುರುಕಿದರು. ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು.

"ಕುಂದರ್ರಿ. ಕಾಯತೈತಿ."

ವಸ್ತಾದರು ಕೂತರು. ಹಂಡೆ ನೋಡಿದರು. ಅಯ್ಯನವರ ಮುಖ ನೋಡಿದರು. ದೊಡ್ಡವರು, ಹೇಗೆ ಹೇಳುವುದು. ಕೊನೆಗೆ ತಡೆಯಲಾಗಲಿಲ್ಲ.

"ಅಯ್ಯಾರ, ಬೆಂಕಿ ಎಲ್ಲೈತ್ರಿ?"

"ಕಟಗಿ ಎಷ್ಟ ದೊಡ್ಡದೈತಿ ನೋಡಿರಿಲ್ಲೋ?"

"ಕಟಗಿ ದೊಡ್ಡದ ತಗೊಂಡು ಏನ್ ಮಾಡ್ತೀರಿ? ಮೊದಲ ಬೂದಿ ತಗೀಬೇಕ್ರಿ. ಗಾಳಿ ಆಡಬೇಕು. ಸಣ್ಣ ಚಕ್ಕಿ ಹಚ್ಚಬೇಕು. ಉರಿ ಹಿಡದ ಮ್ಯಾಲ ಕಟಗಿ. ಸಣ್ಣ ಹುಡುಗೂರಿಗೂ ಗೊತ್ತೈತಿ!"

"ಹಂಗ ಹೇಳ್ರಿ ಮತ್ತ," ಅಂದರು ಅಯ್ಯನವರು. "ನಾ ಗುರುವಿನ ಕಡೆ ಇಷ್ಟು ವರ್ಷ ಕಲಿತದ್ದು ಇದನ್ನ."

ಇಬ್ಬರನ್ನೂ ಮತ್ತೆ ಪಡಸಾಲೆಗೆ ಕರೆದುಕೊಂಡು ಬಂದರು. ಕೆಳಗಿನ ಹಗ್ಗ ಮುಟ್ಟಿದರು.

"ಇದು ಅನುಲೋಮನ. ಕಟ್ಟಿ ನಿಂತದ್ದನ್ನ ಕೆಳಗ ಇಳಸತೈತಿ. ನೀವು ಬೂದಿ ತಗೀಬೇಕಂದ್ರಲ್ಲ, ಅದು ಇದು. ಇದರ ಮ್ಯಾಲಿಂದು ದೀಪನ. ಹಸಿವು ಹಚ್ಚತೈತಿ, ನಿಮ್ಮ ಸಣ್ಣ ಚಕ್ಕಿ. ಅದರ ಮ್ಯಾಲ ಪಾಚನ. ತಿಂದದ್ದನ್ನ ಬೇಯಿಸಿ ಅರಗಸತೈತಿ. ಇಷ್ಟು ಆದಮ್ಯಾಲ ಬೃಂಹಣ, ಮೈ ತುಂಬಸೂದು. ನೀವು ಬೂದಿ ಮ್ಯಾಲ ಕಟಗಿ ಒಟ್ಟೀರಿ ವಸ್ತಾದ. ಹೊಗಿ ಬಿಟ್ರ ಏನ್ ಬಂದೀತು?"

ವಸ್ತಾದರು ತಲೆ ಕೆಳಗೆ ಹಾಕಿದರು. ಅಯ್ಯನವರು ಲಗಮಣ್ಣನ ಕಡೆ ತಿರುಗಿದರು.

"ಹೆಂಡತಿ ಹೋದಾಗ ಅತ್ತಿಯೇನೋ?"

ಲಗಮಣ್ಣ ವಸ್ತಾದರ ಮುಖ ನೋಡಿದ.

"ನಾನ ಬ್ಯಾಡ ಅಂದೆ," ಅಂದರು ವಸ್ತಾದರು.

ಅಯ್ಯನವರು ಬಾಗಿಲ ಹಿಂದೆ ಕೈ ಮಾಡಿದರು. ಅಲ್ಲಿ ಒಂದೇ ಗಂಟು ಬೇರೆ ತೂಗುತ್ತಿತ್ತು.

"ಅದು ಸ್ತಂಭನ. ಹರಿಯೂದನ್ನ ನಿಲ್ಲಸತೈತಿ. ಗಾಯದಿಂದ ರಕ್ತ ಹರದ್ರ ಅದು ಬೇಕು, ಜೀವ ಉಳಸತೈತಿ. ನೀವು ಅದನ್ನ ಕಣ್ಣೀರಿಗೆ ಕೊಟ್ಟೀರಿ."

ಕೆಳಗಿನ ಹಗ್ಗದಿಂದ ಅಳಲೆಕಾಯಿಯ ಪುಡಿ ಕಟ್ಟಿಕೊಟ್ಟರು. ಅದರ ಮೇಲಿನ ಎರಡು ಹಗ್ಗಗಳಿಂದ ಒಣ ಶುಂಠಿ, ಓಂಕಾಳು. ಯಾವುದು ಯಾವಾಗ ಅಂತ ಹೇಳಿದರು.

"ಹಸಿವು ಆಗೂತನಕ ಗಂಜಿ ತಿಳಿ ಕುಡಿ. ಬ್ಯಾರೆ ಏನೂ ಬ್ಯಾಡ. ಯಾರ ಕೊಟ್ರೂ ಬ್ಯಾಡ. ಹಸಿವು ಆದ ದಿನ ಅದು ಎಲ್ಲಿ ಕರಕೊಂಡು ಹೋಗತೈತಿ ಅಲ್ಲಿ ಉಣ್ಣು."

"ಎಲ್ಲಿ ಕರಕೊಂಡು ಹೋಗತೈತ್ರಿ?" ಅಂದ ಲಗಮಣ್ಣ.

"ನನ್ನ ಕೇಳ್ತಿಯಲ್ಲೋ. ಹಸಿವು ನಿಂದು."

ಊರಿಗೆ ಬಂದರು. ಲಗಮಣ್ಣ ಗಂಜಿ ತಿಳಿ ಕುಡಿದ. ಊರೆಲ್ಲಾ ಸುದ್ದಿ. ಚಾ ಅಂಗಡಿಯ ಮುಂದೆ ಒಬ್ಬ ಕೂಗಿದ.

"ಗದಿ ಎತ್ತಾಂವ ಬಾಣಂತಿಗತೆ ಗಂಜಿ ಕುಡ್ಯಾಕತ್ತಾನ್ರೋ!"

"ಬಾಣಂತಿಯಾದ್ರೂ ಎರಡ ಹೊತ್ತ ಉಣತಾಳೋ," ಅಂದ ಇನ್ನೊಬ್ಬ.

ವಸ್ತಾದರಿಗೆ ಇದು ಸಹಿಸಲಾಗಲಿಲ್ಲ. ಹುಡುಗ ಇನ್ನೂ ಇಳಿಯುತ್ತಿದ್ದಾನೆ. ಹೋಳಿ ಬರುತ್ತಿದೆ. ಒಂದು ಸಂಜೆ ಬದಾಮಿ ಅರೆದು, ಹಾಲು ಕಾಸಿ, ದೊಡ್ಡ ತಂಬಿಗೆಯಲ್ಲಿ ತಂದರು.

"ನನಗ ತಡಿಯಾಕ ಆಗವಲ್ದು ಲಗಮಾ. ನಿನ್ನ ಹಿಂಗ ನೋಡಾಕ ಆಗವಲ್ದು. ಅಯ್ಯಾರಿಗೆ ನಾ ಹೇಳ್ತೀನಿ. ಇದೊಂದು ಕುಡಿ."

ಲಗಮಣ್ಣ ತಂಬಿಗೆ ನೋಡಿದ. ವಸ್ತಾದರ ಮಾತನ್ನು ಅವನು ಗರಡಿ ಸೇರಿದಾಗಿನಿಂದ ಮೀರಿದವನಲ್ಲ. ಮಣ್ಣಿಗೆ ಬೀಳು ಅಂದರೆ ಬಿದ್ದವನು. ಅಳಬೇಡ ಅಂದರೆ ಅಳದೆ ಇದ್ದವನು. ಈಗ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ವಸ್ತಾದ, ಬೂದಿ ತಗಿಯಾಕ ಬಿಡ್ರಿ ನನಗ."

ವಸ್ತಾದರಿಗೆ ಸಿಟ್ಟು ಬಂತು. ಅಲ್ಲೇ ನಿಂತು ತಂಬಿಗೆ ಹಾಲು ತಾವೇ ಕುಡಿದರು. ಮೀಸೆ ಒರೆಸಿಕೊಂಡು ಹೋದರು.

ಇನ್ನೂ ಕೆಲವು ದಿನ ಕಳೆದವು. ಒಂದು ಬೆಳಗ್ಗೆ ಲಗಮಣ್ಣ ಎದ್ದಾಗ ಹೊಟ್ಟೆ ಹಗುರ ಇತ್ತು. ಮಧ್ಯಾಹ್ನ ಹೊಳೆಯಿಂದ ಬರುವಾಗ ಹೊಟ್ಟೆಯಲ್ಲಿ ಏನೋ ಕಡಿದ ಹಾಗಾಯಿತು. ಏನು ಅಂತ ತಿಳಿಯಲಿಲ್ಲ. ಮರೆತೇ ಹೋಗಿತ್ತು ಅವನಿಗೆ. ಗಾಳಿಯಲ್ಲಿ ಜೋಳದ ರೊಟ್ಟಿಯ ವಾಸನೆ ಬಂತು. ವಾಸನೆಯ ಹಿಂದೆ ಸಪ್ಪಳ. ಎರಡು ಬಡಿತ ಜೋರು, ಒಂದು ಹಗುರ. ಎರಡು ಜೋರು, ಒಂದು ಹಗುರ.

ಸತ್ಯವ್ವ ರೊಟ್ಟಿ ಬಡಿಯುತ್ತಿದ್ದದ್ದು ಹಾಗೆ.

ಸಪ್ಪಳ ಬರುತ್ತಿದ್ದದ್ದು ಹಿಂದಿನ ಓಣಿಯಿಂದ. ಅಲ್ಲಿ ಸತ್ಯವ್ವನ ತಾಯಿ ಬಸಲಿಂಗವ್ವನ ಮನೆ. ಮಗಳಿಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ. ಹೆಂಡತಿ ಹೋದ ಮೇಲೆ ಲಗಮಣ್ಣ ಆ ಓಣಿ ತುಳಿದಿರಲಿಲ್ಲ. ಸುತ್ತು ಹಾಕಿ ಹೋಗುತ್ತಿದ್ದ. ಅವತ್ತು ಕಾಲು ಕೇಳಲಿಲ್ಲ. ಹೊಸ್ತಿಲಲ್ಲಿ ಹೋಗಿ ನಿಂತ.

"ಅತ್ತಿ, ಹಸಿವ ಆಗೈತಿ."

ಬಸಲಿಂಗವ್ವ ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

"ಒಳಗ ಬರ್ರಿ ಅಳ್ಯಾರ. ಇಷ್ಟ ದಿನ ಯಾಕ ಬರಲಿಲ್ರಿ?"

"ಬಂದಿದ್ರ ಅಳತಿದ್ದೆ."

"ಮತ್ತ? ಅಳಾಕ ನನಗೂ ನಿಮಗೂ ಬ್ಯಾರೆ ಮನಿ ಐತೇನ್ರಿ?"

ಲಗಮಣ್ಣ ಒಲೆಯ ಮುಂದೆ ಕುಸಿದು ಕೂತ. ಅತ್ತ. ಕಂಬ ಹಿಡಿದುಕೊಂಡು ಅತ್ತ. ಓಣಿಗೆಲ್ಲಾ ಕೇಳಿತು. ಬಸಲಿಂಗವ್ವನೂ ಅತ್ತಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅತ್ತು ಮುಗಿದ ಮೇಲೆ ಅವನು ಆ ಕರಕು ರೊಟ್ಟಿಯನ್ನೇ ಕೈಗೆ ತಗೊಂಡ.

"ಅದು ಬ್ಯಾಡ್ರಿ, ಹೊತ್ತೈತಿ. ಬ್ಯಾರೆ ಬಡೀತೀನಿ."

"ಇದೂ ಇರ್ಲಿ. ಬ್ಯಾರೇನೂ ಬಡೀರಿ."

ಅವಳು ಬಡಿದಳು. ಅವನು ಉಂಡ. ಬುಟ್ಟಿ ಬರಿದಾಯಿತು.

ಅವತ್ತಿನಿಂದ ಅವನ ಊಟ ಆ ಮನೆಯಲ್ಲಿ. ಉಂಡದ್ದು ಅರಗಿತು. ಅರಗಿದ್ದು ಮೈಗೆ ಹತ್ತಿತು. ಒಂದು ದಿನ ಅಯ್ಯನವರು ತಾವೇ ಹೊಳೆ ದಾಟಿ ಗರಡಿಗೆ ಬಂದರು. ಕಂಕುಳಲ್ಲಿ ಮೇಲಿನ ಹಗ್ಗದ ಗಂಟು ಇತ್ತು. ವಸ್ತಾದರ ಕೈಯಲ್ಲಿ ಇಟ್ಟರು.

"ಈಗ ನಿಮ್ಮ ಕಟಗಿ ಹಾಕ್ರಿ ವಸ್ತಾದ. ಉರಿ ಹಿಡದೈತಿ."

ಹೋಳಿ ಬಂತು. ಹೊಳೆ ದಂಡೆಯಲ್ಲಿ ಕೆಂಪು ಮಣ್ಣು ಹದ ಮಾಡಿದ್ದರು. ಹಲಗೆ ಬಾರಿಸುತ್ತಿದ್ದರು. ಜನ ಮರದ ಮೇಲೂ ಕೂತಿದ್ದರು. ಕಲಗೌಡ ತೊಡೆ ತಟ್ಟಿಕೊಂಡು ಇಳಿದ. ಲಗಮಣ್ಣನನ್ನು ನೋಡಿ ತನ್ನ ಊರಿನವರ ಕಡೆ ತಿರುಗಿದ.

"ಹೆಂಡತಿ ಸತ್ತಾಂವನ ಕೂಡ ಎಂಥಾ ಕುಸ್ತಿ ಹಿಡೀಲೋ? ನಡುವ ಅಳಾಕ ಚಾಲೂ ಮಾಡಿದ್ರ?"

ಜನ ನಕ್ಕರು. ಲಗಮಣ್ಣ ಮಣ್ಣು ಹಣೆಗೆ ಹಚ್ಚಿಕೊಂಡ.

"ಅತ್ತು ಬಂದೀನಿ," ಅಂದ. "ಕೈ ಕೊಡು."

ನಗು ನಿಂತಿತು.

ಕೈ ಕೂಡಿತು. ಕಲಗೌಡ ಇದ್ದ ಬಲವನ್ನೆಲ್ಲಾ ಮೊದಲಿಗೇ ಹಾಕಿದ. ಲಗಮಣ್ಣ ಬೋರಲು ಬಿದ್ದ. ಗಿರಣಿ ಬೆನ್ನ ಮೇಲೆ ಕೂತಿತು.

"ಏಳೋ ಲಗಮಾ! ಜೋರ ಹಚ್ಚೋ!" ಅಂತ ಊರು ಕೂಗಿತು.

ವಸ್ತಾದರು ಮಾತ್ರ ಕೂಗಲಿಲ್ಲ. ರುಮಾಲಿನ ಚುಂಗು ಹಲ್ಲಲ್ಲಿ ಕಚ್ಚಿಕೊಂಡು ಕೂತರು.

ಲಗಮಣ್ಣ ಏಳಲಿಲ್ಲ. ಜೋರೂ ಹಚ್ಚಲಿಲ್ಲ. ಎದೆ ಮಣ್ಣಿಗೆ ಕೊಟ್ಟು ಮಲಗಿದ. ಮೇಲಿನ ಭಾರ ತಡೆಯಲಿಲ್ಲ. ಉಸಿರು ಎಳೆದ, ಬಿಟ್ಟ. ಕಲಗೌಡ ಎಳೆದ, ತಿರುವಿದ, ಕುತ್ತಿಗೆಗೆ ಕೈ ಹಾಕಿದ, ಬೆವರು ಸುರಿಸಿದ. ಅವನ ಉಸಿರು ದೊಡ್ಡದಾಯಿತು. ಒಮ್ಮೆ ಸಿಟ್ಟಿನಿಂದ ಪೂರ್ತಿ ಮುಂದಕ್ಕೆ ಬಾಗಿದ.

ಆಗ ಲಗಮಣ್ಣ ಹೆಗಲು ಇಳಿಸಿದ. ಅಷ್ಟೇ ಮಾಡಿದ್ದು. ಮೇಲಿನ ಭಾರ ಜಾರಿ ಮುಂದೆ ಬಂತು. ಬಂದ ಕೈ ಹಿಡಿದ. ಇಷ್ಟು ಹೊತ್ತು ಖರ್ಚು ಮಾಡದೆ ಇಟ್ಟುಕೊಂಡಿದ್ದ ಬಲವನ್ನೆಲ್ಲಾ ಆಗ ಹಾಕಿದ. ಗಿರಣಿ ಗಾಳಿಯಲ್ಲಿ ತಿರುಗಿತು. ಎರಡೂ ಭುಜ ಮಣ್ಣಿಗೆ ತಾಗಿದವು.

"ಚಿತ್!"

ಹಲಗೆಯ ಸದ್ದು ಹೊಳೆ ದಾಟಿತು. ಮರದ ಮೇಲಿದ್ದವರು ಕೆಳಗೆ ಹಾರಿದರು. ವಸ್ತಾದರು ಓಡಿ ಬಂದು ಲಗಮಣ್ಣನನ್ನು ಅಪ್ಪಿಕೊಂಡು ಎಲ್ಲರೆದುರು ಗೊಳೋ ಅಂತ ಅತ್ತರು. ಯಾರೂ ಬೇಡ ಅನ್ನಲಿಲ್ಲ. ಕಲಗೌಡ ಎದ್ದು ಮಣ್ಣು ಕೊಡವಿಕೊಂಡು ಬಂದ. "ತಪ್ಪ ಮಾತಾಡಿದೆ ಅಣ್ಣಾ," ಅಂದ. ತಾನೇ ಲಗಮಣ್ಣನನ್ನು ಹೆಗಲ ಮೇಲೆ ಹೊತ್ತ.

ಮೆರವಣಿಗೆ ಗರಡಿಯ ಕಡೆ ಹೊರಟಿತು. ಲಗಮಣ್ಣ ಬೇಡ ಅಂದ. ಹಿಂದಿನ ಓಣಿ ತೋರಿಸಿದ. ಬೆಳ್ಳಿ ಗದೆ ಬಸಲಿಂಗವ್ವನ ಹೊಸ್ತಿಲಿಗೆ ಹೋಯಿತು. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಮಗಳ ಗಲ್ಲ ಸವರಿದ ಹಾಗೆ ಗದೆಯನ್ನು ಸವರಿದಳು. ಬೆಳ್ಳಿಯ ಮೇಲೆ ಐದು ಬೆರಳು ಮೂಡಿದವು.

ಆ ವರ್ಷ ಗರಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಮಕ್ಕಳು. ಗದೆ ಮತ್ತೆ ಗರಡಿಯ ಗೋಡೆಗೆ ಬಂದಿತ್ತು. ಶನಿವಾರಕ್ಕೊಮ್ಮೆ ಅದನ್ನು ಒರೆಸುವ ಪದ್ಧತಿ. ವಸ್ತಾದರು ಒರೆಸುತ್ತಿದ್ದರು. ಆ ಐದು ಬೆರಳು ಬಿಟ್ಟು ಒರೆಸುತ್ತಿದ್ದರು.

ನೀತಿ: ಕಟ್ಟಿ ನಿಂತದ್ದು ಮೊದಲು ಇಳಿಯಬೇಕು. ಇಳಿದರೆ ಹಸಿವು ಬರುತ್ತದೆ. ಹಸಿವು ಬಂದರೆ ಬಲ ಅದರ ಹಿಂದೆ ಬರುತ್ತದೆ. ದುಃಖದಲ್ಲಿ ಇದ್ದವರಿಗೆ ಅಳಬೇಡ ಅನ್ನಬೇಡಿ. ಗಟ್ಟಿಯಾಗು ಅಂತಲೂ ಅನ್ನಬೇಡಿ. ಬಾಗಿಲು ತೆರೆದಿಡಿ, ಒಲೆ ಹಚ್ಚಿಡಿ. ಅವರು ಬರುತ್ತಾರೆ. ಬಂದವರು ಎದ್ದು ನಿಲ್ಲುತ್ತಾರೆ.