ಅರಗು ಬಳಿದ ಆಚಾರಿ

ಹತ್ತಿರ ಬನ್ನಿ, ದೂರ ಕೂತ್ರೆ ಕೂಗಿ ಹೇಳೋಕೆ ನನಗೆ ಗಂಟಲಿಲ್ಲ. ಏಳು ಗುಡ್ಡ ದಾಟಿ, ಎಂಟನೇ ಗುಡ್ಡ ಹತ್ತಿ ಇಳಿದ್ರೆ ಒಂದು ರಾಜ್ಯ ಇತ್ತು. ಅದನ್ನ ಗಿರಿಜಮ್ಮಣ್ಣಿ ಅನ್ನೋ ರಾಣಿ ಆಳ್ತಿದ್ದಳು. ಅವಳ ಅರಮನೆ ಹಿಂದೆ ಒಂದು ಗಾಡಿಮನೆ. ರಥ, ಸಾರೋಟು, ಎತ್ತಿನ ಬಂಡಿ, ಏನೇ ಮುರೀಲಿ, ಅಲ್ಲೇ ರಿಪೇರಿ. ಆ ಗಾಡಿಮನೆಗೆ ತಿಬ್ಬಯ್ಯ ಯಜಮಾನ. ಚಕ್ರ ಕಟ್ಟೋದ್ರಲ್ಲಿ ಅವನ ಸಮ ಯಾರೂ ಇರಲಿಲ್ಲ.

ಆದರೆ ಗಾಡಿಮನೆ ಒಳಗೆ ಹೋಗಿ ನೋಡಿದ್ರೆ, ದೇವರೇ! ಉಳಿ ಒಂದು ಕಡೆ, ಗರಗಸ ಒಂದು ಕಡೆ, ಬಾಚಿ ಹುಲ್ಲಿನ ಒಳಗೆ. ಒಂದಿನ ರಾಣಿ ನೋಡಿದಳು. "ಇದೇನು ಗಾಡಿಮನೆಯೋ ಸಂತೆಯೋ? ಸಾಮಾನಿಡೋಕೆ ಒಳ್ಳೆ ಮರದ ಬೀರು ಮಾಡ್ಸಿ" ಅಂದಳು. ಅರಮನೆಯ ಬಡಗಿ ಪುಟ್ಟಲಿಂಗಾಚಾರಿಯನ್ನ ಕರೆಸಿದಳು. ಕಾಡಿಂದ ಒಂದು ದೊಡ್ಡ ತೇಗದ ದಿಮ್ಮಿ ತರಿಸಿಕೊಟ್ಟಳು.

ಪುಟ್ಟಲಿಂಗಾಚಾರಿ ಕೆಟ್ಟವನಲ್ಲ ಕಣ್ರೋ. ಕೈ ಚಳಕದವನು. ತಿಬ್ಬಯ್ಯನೂ ಅವನೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಆದರೆ ಆ ದಿಮ್ಮಿ ಕುಯ್ದ ದಿನ ಅವನ ಬುದ್ಧಿ ಕೆಟ್ಟಿತು. ಮರದ ಒಳತಿರುಳು, ಅದೇ ಚೇಗು, ಜೇನಿನ ಬಣ್ಣಕ್ಕಿತ್ತು. ಕಲ್ಲಿನಷ್ಟು ಗಟ್ಟಿ. ನೋಡ್ತಾ ನೋಡ್ತಾ ಅವನಿಗೆ ತನ್ನ ಮನೆಯ ಮುರುಕಲು ಬಾಗಿಲು ನೆನಪಾಯ್ತು. "ಬೀರುವಿಗೆ ಇಷ್ಟು ಒಳ್ಳೆ ಮರ ಯಾಕೆ? ಸುತ್ತಿಗೆ ಇಡೋದಕ್ಕೆ ತಾನೇ?" ಅಂದ್ಕೊಂಡ. ಚೇಗನ್ನೆಲ್ಲ ಮನೆಗೆ ಸಾಗಿಸಿದ. ತೊಗಟೆಗೆ ಅಂಟಿಕೊಂಡಿದ್ದ ಬಿಳಿ ಮರದಲ್ಲಿ, ಹುಳ ಬಾಯಿ ಚಪ್ಪರಿಸೋ ಅಂಥ ಮರದಲ್ಲಿ, ರಾಣಿಯ ಬೀರು ಮಾಡಿದ.

ಈಗ ಬೀರುವಿಗೆ ಏನು ಬಳೀಬೇಕು ಅನ್ನೋ ಮಾತು ಬಂತು. ತಿಬ್ಬಯ್ಯ ಹೇಳಿದ: "ಆಚಾರಣ್ಣ, ಅಗಸೆ ಎಣ್ಣೆ ಉಜ್ಜಿಬಿಡು, ಸಾಕು. ನಮ್ಮ ಕೈ ಯಾವಾಗ್ಲೂ ಜಿಡ್ಡು. ಅದೂ ಇದೂ ತಗಲಿ ಗೀರು ಬಿದ್ದೇ ಬೀಳತ್ತೆ. ಎಣ್ಣೆ ಆದ್ರೆ ವರ್ಷಕ್ಕೊಂದ್ಸಲ ನಾವೇ ಒರೆಸ್ಕೋತೀವಿ."

ಮಾತು ಸರಿಯಾಗೇ ಇತ್ತು. ಆಚಾರಿಗೂ ಅದು ಗೊತ್ತಿತ್ತು. ಆದರೆ ಎಣ್ಣೆ ಉಜ್ಜಿದ್ರೆ ಮರ ಇದ್ದದ್ದು ಇದ್ದ ಹಾಗೆ ಕಾಣತ್ತಲ್ಲ! ಅವನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯ್ತು.

"ಎಣ್ಣೆಯಂತೆ ಎಣ್ಣೆ! ಅರಮನೆ ಸಾಮಾನಿಗೆ ಎಣ್ಣೆ ಹಚ್ಚೋಕೆ ಇದೇನು ನಿನ್ನ ಬಂಡಿ ಅಚ್ಚಾ?" ಅಂತ ಎಲ್ಲರೆದುರು ನಕ್ಕ. ಆಳುಗಳೂ ನಕ್ಕರು. ತಿಬ್ಬಯ್ಯ ತನ್ನ ಚಕ್ರದ ಕೆಲಸಕ್ಕೆ ಹೋದ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಬಣ್ಣವೋ ಎಣ್ಣೆಯೋ ಹಚ್ಚೋ ಮುಂಚೆ, ಮರದ ಸಾಮಾನು ಮಾಡಿಸಿದವರು ಬಂದು ಬರೀ ಮರಕ್ಕೆ ಒದ್ದೆ ಬಟ್ಟೆ ಒರೆಸಿ ನೋಡಬೇಕು. ನೀರು ಬಿದ್ರೆ ಮರದ ಜಾತಕ ಅಲ್ಲೇ ಬಯಲು. ರಾಣಿ ಒದ್ದೆ ಬಟ್ಟೆ ಹಿಡಿದು ಬರೋ ಹೊತ್ತಿಗೆ, ನಮ್ಮ ಆಚಾರಿ ಅರಗನ್ನ ಸಾರಾಯಿಯಲ್ಲಿ ಕರಗಿಸಿ, ಕೆಂಪು ಬೆರೆಸಿ, ಒಂದಲ್ಲ ಎರಡಲ್ಲ ಮೂರು ಸಲ ತಿಕ್ಕಿ ಮುಗಿಸಿದ್ದ!

"ಅಯ್ಯೋ ತಾಯಿ, ಮೋಡ ಕವಿದಿತ್ತು. ತಂಡಿ ಹಿಡಿದ್ರೆ ಮರ ಕೆಡತ್ತೆ ಅಂತ ಬೇಗ ಬೇಗ ಬಳಿದೆ. ನೋಡಿ, ಎಳೆ ಮಗು ಬಾಯಿಗಿಟ್ಟರೂ ಏನೂ ಆಗದ ಅರಗು" ಅಂದ.

ರಾಣಿ ಒದ್ದೆ ಬಟ್ಟೆಯನ್ನ ಮಡಚಿದಳು. ಬೀರು ಫಳಫಳ ಹೊಳೀತಿತ್ತು. ಅದರಲ್ಲಿ ಆಚಾರಿಗೆ ತನ್ನ ಮುಖವೇ ಕಂಡಿತು. ಅವನು ಬೇರೆ ಕಡೆ ತಿರುಗಿದ.

ಮನೆಗೆ ಹೊಸ ಬಾಗಿಲು ಬಂತು. ಹೋಗೋರು ಬರೋರೆಲ್ಲ "ಬಾಗಿಲು ಅಂದ್ರೆ ಇದಪ್ಪ!" ಅನ್ನೋರು. ಹೆಂಡತಿ ಹಿಗ್ಗಿ ದಿನಾ ಅದಕ್ಕೆ ಅರಿಶಿನ ಕುಂಕುಮ ಇಡೋಳು. ಆಚಾರಿ ಮಾತ್ರ ಹಿತ್ತಲ ಬಾಗಿಲಿಂದ ಓಡಾಡೋಕೆ ಶುರು ಮಾಡಿದ. ನಗಬೇಡಿ. ನಾಚಿಕೆ ಅನ್ನೋದು ಹಾಗೆ ಮಾಡಿಸತ್ತೆ.

ಮಳೆಗಾಲ ಕಳೀತು. ಬೀರುವಿನ ಕೆಳಗೆ ಹಿಟ್ಟಿನ ಹಾಗೆ ಹುಡಿ ಬೀಳೋಕೆ ಶುರುವಾಯ್ತು. ರಾಣಿ ಕೇಳಿದಳು, "ಏನೋ ಇದು ಆಚಾರಿ?"

"ಗರಗಸದ ಹುಡಿ ತಾಯಿ. ತಿಬ್ಬಯ್ಯನ ಆಳುಗಳು ಗುಡಿಸಲ್ಲ" ಅಂದ. ಅಂದ ಮೇಲೆ ಅವನ ಕಿವಿ ಬಿಸಿಯಾಯ್ತು. ತಿಬ್ಬಯ್ಯ ಅಲ್ಲೇ ನಿಂತಿದ್ದ. ಪೊರಕೆ ತಂದು ಗುಡಿಸಿದ.

ಆಮೇಲೆ ಬೀರುವಿನ ಬಾಗಿಲು ಕೀಲು ಸಮೇತ ಕಿತ್ತು ಬಂತು. ರಾಣಿ ಮತ್ತೆ ಕೇಳಿದಳು, "ಇದೇನೋ?"

"ಒರಟು ಕೈ ತಾಯಿ. ದಡಾರ್ ಅಂತ ಎಳೆದ್ರೆ ಯಾವ ಬಾಗಿಲು ನಿಲ್ಲತ್ತೆ?" ಅಂದ. ಈ ಸಲ ತಿಬ್ಬಯ್ಯನ ಕಡೆ ನೋಡಲಿಲ್ಲ. ಅವತ್ತು ಅವನಿಗೆ ತುತ್ತು ಗಂಟಲಲ್ಲಿ ಇಳೀಲಿಲ್ಲ. ಹೆಂಡತಿ "ಉಪ್ಪು ಹೆಚ್ಚಾಯ್ತಾ?" ಅಂತ ಕೇಳಿದ್ರೆ ಅವಳ ಮೇಲೇ ರೇಗಿದ.

ಆಮೇಲೆ ಇಡೀ ಬೀರು ಕುಸೀತು. ಬಾಚಿ, ಸುತ್ತಿಗೆ, ಕಬ್ಬಿಣದ ಗೂಟ ಎಲ್ಲ ಉರುಳಿ ರಾಣಿಯ ಹೊಸ ಸಾರೋಟಿನ ಚಕ್ರ ಪುಡಿಪುಡಿ ಆಯ್ತು. ಸಾರೋಟಿನಲ್ಲಿ ಯಾರೂ ಇರಲಿಲ್ಲ, ಪುಣ್ಯ. ರಾಣಿಯ ಮುಖ ಕೆಂಪಾಯ್ತು. "ಇದಕ್ಕೆ ಯಾರು ಹೊಣೆ?"

ನಿಜ ಆಚಾರಿಯ ನಾಲಿಗೆ ತುದಿಗೆ ಬಂತು. ಅಲ್ಲೇ ನಿಂತಿತು. ಬಾಯಿಂದ ಬಂದದ್ದು ಬೇರೆಯೇ: "ತಾಯಿ, ತಿಬ್ಬಯ್ಯನಿಗೆ ಮೊದಲಿಂದ್ಲೂ ಎಣ್ಣೆ ಬೇಕಿತ್ತು. ನನ್ನ ಅರಗಿನ ಮೇಲಿನ ಸಿಟ್ಟಿಗೆ ಬೇಕಂತಲೇ ಹಾಳು ಮಾಡಿದ್ದಾನೆ."

ಛೀ! ನೀವು ಹಾಗೆ ಮುಖ ಸಿಂಡರಿಸೋದು ಸರಿಯೇ. ಹೇಳುವಾಗ ನನಗೂ ಹಾಗೇ ಆಗತ್ತೆ.

"ಹಾಗಾದ್ರೆ ತಿಬ್ಬಯ್ಯ ನಾಳೆಯಿಂದ ಗಾಡಿಮನೆಗೆ ಬರೋದು ಬೇಡ. ಹೆಂಡತಿ ಮಕ್ಕಳನ್ನ ಕರ್ಕೊಂಡು ರಾಜ್ಯ ಬಿಡಲಿ" ಅಂದಳು ರಾಣಿ. ತಿಬ್ಬಯ್ಯ ಸೊಂಟದಿಂದ ಗಾಡಿಮನೆಯ ಬೀಗದ ಕೈ ಬಿಚ್ಚಿ ನೆಲದ ಮೇಲಿಟ್ಟ. ಆಚಾರಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ರಾಣಿ ಆಚಾರಿಯ ಕಡೆ ತಿರುಗಿ ನಕ್ಕಳು. "ನಿನ್ನ ಕೆಲಸದಲ್ಲಿ ತಪ್ಪಿಲ್ಲ ಅಂದ ಮೇಲೆ ನಿನಗೆ ಮರ್ಯಾದೆ ಮಾಡಬೇಕಲ್ಲ. ನನ್ನ ಮಗಳು ತುಂಬು ಬಸುರಿ. ಮಗುವಿಗೆ ತೊಟ್ಟಿಲು ಬೇಕು. ಈ ಬೀರುವಿನ ಹಿಂಬದಿ ಹಲಗೆ ತಿಬ್ಬಯ್ಯನ ಕೈಗೆ ಸಿಕ್ಕಿಲ್ಲ, ಚೆನ್ನಾಗಿದೆ. ಅದನ್ನೇ ಕುಯ್ದು ತೊಟ್ಟಿಲು ಮಾಡು. ಇಲ್ಲೇ ಶುರು ಮಾಡು."

ಆಚಾರಿ ಬೆಪ್ಪಾದ. "ತಾಯಿ, ಮುರಿದ ಸಾಮಾನಿನ ಮರ ಮಗುವಿಗೆ ಒಳ್ಳೇದಲ್ಲ."

"ಮರ ಮುರಿದಿಲ್ಲವಲ್ಲ, ತಿಬ್ಬಯ್ಯ ಮುರಿದದ್ದು ಅಂದೆಯಲ್ಲ! ಕುಯ್ಯಿ."

"ತಾಯಿ, ಅರಗಿನ ವಾಸನೆ ಎಳೆ ಮಗುವಿಗೆ..."

"ಬಾಯಿಗಿಟ್ಟರೂ ಏನೂ ಆಗಲ್ಲ ಅಂದಿದ್ದು ನೀನೇ. ಬೇಡ ಅಂದ್ರೆ ಹೆರೆದು ಹಾಕು. ಎಣ್ಣೆ ಉಜ್ಜೋಣ. ಹೆರೆ."

ಕೀಸುಳಿ ತಂದು ಅವನ ಕೈಗೆ ಕೊಟ್ಟರು. ಹಲಗೆ ಹೆರೆದು ನುಣುಪು ಮಾಡೋ ಉಳಿ ಅದು. ಚಿಕ್ಕಂದಿನಿಂದ ಹಿಡಿದದ್ದು. ಅವತ್ತು ಹಿಡಿಯೋಕೆ ಬೆರಳು ಬಾಗಲಿಲ್ಲ. ಹಲಗೆಯೊಳಗೆ ಹುಳಗಳು ಕಟಕಟ ಕಡಿಯೋದು ಅವನ ಕಿವಿಗೆ ಕೇಳ್ತಿತ್ತು. ಆ ಹಲಗೆಯ ಮೇಲೆ ಒಂದು ಹಸುಗೂಸು ಮಲಗಿದ್ದು ಕಣ್ಣಿಗೆ ಕಟ್ಟಿತು.

"ಹೆರೆಯೋ" ಅಂದಳು ರಾಣಿ ಮೂರನೇ ಸಲ.

ಆಚಾರಿ ಕೀಸುಳಿ ಕೆಳಗಿಟ್ಟ. "ಬೇಡ ತಾಯಿ. ಕೈ ಮುಗೀತೀನಿ, ಈ ಮರದಲ್ಲಿ ಮಗು ಮಲಗಿಸಬೇಡಿ. ತೊಟ್ಟಿಲು ಕುಸಿದು ಬೀಳತ್ತೆ."

ರಾಣಿಯ ನಗು ಹೋಯ್ತು. "ನನ್ನ ಮೊಮ್ಮಗುವಿಗೆ ಆಗದ ಮರ ತಿಬ್ಬಯ್ಯನ ತಲೆ ಮೇಲೆ ಬೀಳಬಹುದಿತ್ತಾ? ಒದ್ದೆ ಬಟ್ಟೆಗೆ ಹೆದರಿದವನು ನೀನು. ಅವತ್ತಿಂದ್ಲೇ ನನಗೆ ಅನುಮಾನ. ಆದ್ರೆ ನಾನು ಬಾಯಿ ಬಿಡಿಸೋದು ಬೇಡ, ಮರವೇ ಬಿಡಿಸಲಿ ಅಂತ ಕಾದೆ. ಹೇಳು. ಎಲ್ಲರಿಗೂ ಕೇಳೋ ಹಾಗೆ ಹೇಳು."

ಹೇಳಿದ. ಚೇಗು ಕದ್ದದ್ದು ಹೇಳಿದ. ಅರಗು ಬಳಿದು ಮುಚ್ಚಿದ್ದು ಹೇಳಿದ. ತಿಬ್ಬಯ್ಯನ ತಲೆಗೆ ಕಟ್ಟಿದ್ದು ಹೇಳುವಾಗ ಮಾತ್ರ ಸ್ವರ ಹೊರಡಲಿಲ್ಲ. "ಜೋರಾಗಿ" ಅಂದಳು ರಾಣಿ. ಜೋರಾಗಿ ಹೇಳಿದ. ನಾಚಿಕೆಯಿಂದ ಅಷ್ಟು ದೊಡ್ಡ ಆಳು ಹಿಡಿಯಷ್ಟಾಗಿ ಹೋದ.

ರಾಣಿ ನೆಲದ ಮೇಲಿದ್ದ ಬೀಗದ ಕೈ ಎತ್ತಿ ತಿಬ್ಬಯ್ಯನಿಗೆ ವಾಪಸ್ ಕೊಟ್ಟಳು. ಆಮೇಲೆ ಆಚಾರಿಗೆ ತೀರ್ಪು ಕೊಟ್ಟಳು. "ಮನೆ ಬಾಗಿಲು ಕಿತ್ತು ತಾ. ಅದರಲ್ಲೇ ಹೊಸ ಬೀರು ಮಾಡು. ತಿಬ್ಬಯ್ಯ ಹೇಳಿದ ಎಣ್ಣೆ ಹಚ್ಚು. ನಿನ್ನ ಮನೆ ಬಾಗಿಲಿಗೆ ಬಿದಿರು ತಟ್ಟಿ ಕಟ್ಕೋ. ಬಾಗಿಲೆಲ್ಲಿ ಅಂತ ಯಾರೇ ಕೇಳಲಿ, ನಿಜ ಹೇಳಬೇಕು."

ಕೇಳದೆ ಬಿಡ್ತಾರಾ ಜನ? ಬೀದಿಯೆಲ್ಲ ಕೇಳಿತು. "ಅದು ನಮ್ಮದಲ್ಲ, ಅರಮನೇದು. ನಾನು ಕದ್ದಿದ್ದೆ" ಅಂತ ಪ್ರತಿಯೊಬ್ಬರಿಗೂ ಹೇಳಿದ. ಹೆಂಡತಿಯ ತವರಿಂದ ಬಂದವರ ಮುಂದೆ ಹೇಳುವಾಗ ಅವಳು ಸೆರಗಲ್ಲಿ ಮುಖ ಮುಚ್ಕೊಂಡಳು. ಅದರಿಂದ ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯ್ತು.

ಹೊಸ ಬೀರು ಆಯ್ತು. ರಾಣಿ ಬಂದು ಒದ್ದೆ ಬಟ್ಟೆ ಒರೆಸಿದಳು. ಮರ ಜೇನಿನ ಬಣ್ಣಕ್ಕೆ ತಿರುಗಿತು. ಆಚಾರಿ ಮಂಡಿಯೂರಿ ಎಣ್ಣೆ ಉಜ್ಜಿದ. ಗಾಡಿಮನೆಯ ಆಳುಗಳು ಯಾರೂ ಅವನ ಜೊತೆ ಮಾತಾಡಲಿಲ್ಲ. ಎಣ್ಣೆ ಆರಿದ ಮೇಲೆ ಬೀರುವನ್ನ ಗೋಡೆಗೆ ಸೇರಿಸಬೇಕಿತ್ತು. ಒಬ್ಬನೇ ತಳ್ಳಿದ. ಜಗ್ಗಲಿಲ್ಲ. ಮತ್ತೆ ತಳ್ಳಿದ. ಜಗ್ಗಲಿಲ್ಲ.

ತಿಬ್ಬಯ್ಯ ಚಕ್ರ ಬಿಟ್ಟು ಎದ್ದು ಬಂದ. "ಸೊಂಟ ಮುರ್ಕೋತೀಯ. ಆ ಕಡೆ ಹಿಡಿ" ಅಂದ. ತಾನು ಈ ಕಡೆ ಹಿಡಿದ. ಇಬ್ಬರೂ ಎತ್ತಿಟ್ಟರು. ಆಚಾರಿಗೆ ಅಲ್ಲೀವರೆಗೂ ಬರದ ಅಳು ಆಗ ಬಂತು. ರಾಣಿ ಬೈದಾಗ ಬರಲಿಲ್ಲ, ಬೀದಿ ಆಡ್ಕೊಂಡಾಗ ಬರಲಿಲ್ಲ. ತಾನು ಯಾರನ್ನ ಊರು ಬಿಡಿಸೋಕೆ ಹೊರಟಿದ್ದನೋ ಅವನೇ ಹೆಗಲು ಕೊಟ್ಟಾಗ ಬಂತು. ತಿಬ್ಬಯ್ಯ ನೋಡಿಯೂ ನೋಡದವನ ಹಾಗೆ ತನ್ನ ಉಳಿಗಳನ್ನ ತಂದು ಬೀರುವಿನಲ್ಲಿ ಜೋಡಿಸ್ತಾ ಹೋದ.

ಕೇಳಿದ್ರಲ್ಲ ಮಕ್ಕಳೇ? ಮಾಡಿದ ತಪ್ಪನ್ನ ಹೊಳಪು ಬಳಿದು ಮುಚ್ಚಬೇಡಿ. ಮುಚ್ಚಿದ್ದು ಒಳಗೊಳಗೇ ತಿನ್ನತ್ತೆ. ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟೋದಂತೂ ಕದಿಯೋದಕ್ಕಿಂತ ದೊಡ್ಡ ಪಾಪ. ತಪ್ಪಾಯ್ತಾ, ಆಯ್ತು ಅಂತ ಮೊದಲನೇ ಸಲ ಕೇಳಿದಾಗ್ಲೇ ಹೇಳಿಬಿಡಿ. ನಾಚಿಕೆ ಆಗತ್ತೆ, ನಿಜ. ಆದರೆ ಮೂರನೇ ಸಲಕ್ಕೆ ಆಗೋ ನಾಚಿಕೆಯ ಮುಂದೆ ಅದು ಏನೇನೂ ಅಲ್ಲ. ಏಳಿ ಇನ್ನು, ಕಥೆ ಮುಗೀತು, ಚಾಪೆ ಸುತ್ತಿ.