ಬೋರ್ಡು ನೆಟ್ಟ ಮನೆ

“ಬುದ್ಧೀ, ಮೂರು ತಲೆಮಾರಿನಿಂದ ತಮಗೇ ಮತ ಹಾಕಿದವರನ್ನು ಬಿಟ್ಟು, ಯಾರ ಕಡೆಗೂ ಇಲ್ಲದವರ ಬೆನ್ನು ಹತ್ತುತ್ತಾರಲ್ಲ, ಹಾಗಾದರೆ ನಿಷ್ಠೆಗೆ ಬೆಲೆಯೇ ಇಲ್ಲವೇ?”

ಕೇಳಿದವನು ಮರುಳಪ್ಪ. ಮಠದ ದಾಸೋಹ ನೋಡಿಕೊಳ್ಳುವವನು ಅವನೇ, ಬೆಳಗಿನ ಪ್ರಸಾದ ಮುಗಿದ ಮೇಲೆ ಗುರುಗಳಿಗೆ ಪತ್ರಿಕೆ ಓದಿ ಹೇಳುವವನೂ ಅವನೇ. ಅಂದು ಅಮೆರಿಕದ ಚುನಾವಣೆಯ ಸುದ್ದಿ ಇತ್ತು. ಅಲ್ಲಿನ ಎರಡು ದೊಡ್ಡ ಪಕ್ಷಗಳವರೂ ಇನ್ನೂ ಮನಸ್ಸು ಮಾಡದ ಮತದಾರರನ್ನು ಹುಡುಕಿಕೊಂಡು ಮನೆಮನೆ ಅಲೆಯುತ್ತಿದ್ದಾರೆ ಎಂದು ಬರೆದಿತ್ತು.

“ಬೆಲೆ ಇಲ್ಲವೆಂದು ನಿನಗೆ ಯಾರು ಹೇಳಿದರು?” ಎಂದರು ಗುರುಗಳು. “ಪತ್ರಿಕೆ ಮಡಚಿಡು. ಆ ದೇಶಕ್ಕೆ ನಾನೂ ಒಮ್ಮೆ ಹೋಗಿ ಬಂದವನು. ಭಕ್ತರು ಕರೆದರು, ಹೋದೆ, ಮೂರು ತಿಂಗಳು ಚಳಿ ತಿಂದು ಬಂದೆ. ಅಲ್ಲಿ ಕೇಳಿದ ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಹೀಗೆಂದು ಕತೆ ಆರಂಭಿಸಿದರು.

ಆ ದೇಶದಲ್ಲಿ ಒಬ್ಬ ರೈತನಿದ್ದ. ಎಪ್ಪತ್ತು ಹಸು ಕಟ್ಟಿದ್ದ. ಅವನ ಅಜ್ಜ ಒಂದು ಪಕ್ಷದವನು, ಅಪ್ಪನೂ ಅದೇ, ಇವನೂ ಅದೇ. ಅಲ್ಲಿ ಒಂದು ಪದ್ಧತಿ ಇದೆ. ಚುನಾವಣೆ ಬಂತೆಂದರೆ ಜನ ತಮಗೆ ಬೇಕಾದವನ ಹೆಸರಿನ ಬೋರ್ಡನ್ನು ಮನೆಯ ಮುಂದೆ ಹುಲ್ಲಿನಲ್ಲಿ ನೆಡುತ್ತಾರೆ. ನಮ್ಮಲ್ಲಿ ಯಾರಿಗೆ ಮತ ಹಾಕಿದೆ ಎಂದು ಹೆಂಡತಿ ಕೇಳಿದರೂ ಬಾಯಿ ಬಿಡುವುದಿಲ್ಲ. ಅಲ್ಲಿ ದಾರಿಹೋಕರಿಗೂ ಸಾರುತ್ತಾರೆ. ರೈತ ಪ್ರತಿ ಸಲವೂ ಊರಿಗೆ ಮೊದಲು ಬೋರ್ಡು ನೆಡುತ್ತಿದ್ದ. ಅದು ಅವನಿಗೆ ಹೆಮ್ಮೆಯ ವಿಷಯವಾಗಿತ್ತು.

ಅವನ ಮನೆಯ ದಾರಿಗೆ ಅಡ್ಡವಾಗಿ ಒಂದು ಹಳ್ಳ. ಹಳ್ಳಕ್ಕೆ ಸರಕಾರ ಕಟ್ಟಿಸಿದ ಹಳೆಯ ಸೇತುವೆ. ಅದು ಬಿರುಕು ಬಿಟ್ಟಿತು. ಭಾರದ ಗಾಡಿ ದಾಟಕೂಡದು ಎಂದು ಅಧಿಕಾರಿಗಳು ಬರೆದು ಹೋದರು. ಹಾಲು ಒಯ್ಯುವ ಟ್ಯಾಂಕರು ಒಂದೇ ಸಲಕ್ಕೆ ಒಯ್ಯುತ್ತಿದ್ದುದನ್ನು ಅರ್ಧರ್ಧ ತುಂಬಿಕೊಂಡು ಎರಡು ಸಲ ಒಯ್ಯಬೇಕಾಯಿತು. ಡೈರಿಯವರು ಗೊಣಗಿದರು.

ರೈತ ಹೆದರಲಿಲ್ಲ. ನಮ್ಮವರನ್ನು ನಾವೇ ಹೋಗಿ ಬೇಡುವುದು ಚೆನ್ನಾಗಿರುವುದಿಲ್ಲ, ಹೇಗೂ ಚುನಾವಣೆ ಬರುತ್ತಿದೆ, ಅವರೇ ಮನೆಗೆ ಬರುತ್ತಾರೆ, ಆಗ ಸೇತುವೆಯ ಮಾತು ಎತ್ತಿದರಾಯಿತು ಎಂದುಕೊಂಡ. ಬರುವವರಿಗಾಗಿ ಹೆಂಡತಿ ಸೇಬಿನ ಹೂರಣ ತುಂಬಿದ ದೊಡ್ಡ ಕಡುಬು ಬೇಯಿಸಿಟ್ಟಳು. ನಾನೂ ತಿಂದಿದ್ದೇನೆ, ರುಚಿಯಾಗಿರುತ್ತದೆ. ಯಾರೂ ಬರಲಿಲ್ಲ. ಗಂಡ ಹೆಂಡತಿ ಮೂರು ದಿನ ಅದನ್ನೇ ತಿಂದರು.

ಹಳ್ಳದ ಆಚೆ ಬದಿಯಲ್ಲಿ ಜೇನು ಸಾಕುವವನೊಬ್ಬನಿದ್ದ. ಅವನ ಮನೆಯ ಮುಂದೆ ಬೋರ್ಡು ಇರಲಿಲ್ಲ. ಆದರೂ ಎರಡು ಪಕ್ಷಗಳವರ ಕಾರುಗಳೂ ಅಲ್ಲಿ ಬಂದು ನಿಲ್ಲುತ್ತಿದ್ದವು. ಆ ಸೀಮೆಯ ಜೇನು ಸಾಕುವವರೆಲ್ಲ ಸೇರಿ ಸಂಘ ಮಾಡಿಕೊಂಡಿದ್ದರು. ಇದ್ದವರು ಅರವತ್ತೇ ಮಂದಿ. ರಸ್ತೆಯಂಚಿನ ಕಳೆಗೆ ವಿಷ ಹೊಡೆಯುವುದನ್ನು ನಿಲ್ಲಿಸುತ್ತೀರಾ ಎಂದು ಇಬ್ಬರು ಅಭ್ಯರ್ಥಿಗಳಿಗೂ ಅವರು ಬರೆದು ಕೇಳುತ್ತಿದ್ದರು. ಆ ವಿಷದಿಂದ ಜೇನುನೊಣ ಸಾಯುತ್ತಿದ್ದವು. ಬಂದ ಉತ್ತರಗಳನ್ನು ಸಭೆಯಲ್ಲಿ ಓದಿ, ಆಮೇಲೆ ಮನಸ್ಸು ಮಾಡುತ್ತಿದ್ದರು. ವರ್ಷದೊಳಗೆ ವಿಷ ಹೊಡೆಯುವುದು ನಿಂತಿತು.

ರೈತನಿಗೆ ಹೊಟ್ಟೆ ಉರಿಯಿತು. ನೊಣ ಸಾಕುವವನ ಮನೆಗೆ ಎರಡು ಕಡೆಯವರೂ ಬರುತ್ತಾರೆ, ಹಸು ಸಾಕುವವನ ಮನೆಗೆ ಒಬ್ಬನೂ ಇಲ್ಲ ಎಂದು ಸಂಕಟಪಟ್ಟ. ಕುಳಿತು ಯೋಚಿಸಿದ. ಕೊನೆಗೆ ಕಾರಣ ಹೊಳೆಯಿತು. ತನ್ನ ಬೋರ್ಡು ಚಿಕ್ಕದು, ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತಿಲ್ಲ ಎಂದು ತೀರ್ಮಾನಿಸಿದ.

ನಗಬೇಡ ಮರುಳಪ್ಪ. ನೀನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಎರಡು ವರ್ಷ ಕಳೆದು ಮತ್ತೆ ಚುನಾವಣೆ ಬಂತು. ರೈತ ಬಾಗಿಲಿನಷ್ಟು ದೊಡ್ಡ ಬೋರ್ಡು ಮಾಡಿ ನೆಟ್ಟ. ಯಾರೂ ಬರಲಿಲ್ಲ. ಮಾನ ಬಿಟ್ಟು ಪಕ್ಷದ ಕಚೇರಿಗೆ ಕಾಗದ ಬರೆದ. ನಿಮ್ಮ ನಿಷ್ಠೆಗೆ ನಾವು ಕೃತಜ್ಞರು ಎಂದು ಅಚ್ಚು ಹಾಕಿದ ಉತ್ತರ ಬಂತು. ಸೇತುವೆಯ ಸುದ್ದಿಯೇ ಅದರಲ್ಲಿರಲಿಲ್ಲ.

ಇನ್ನೆರಡು ವರ್ಷಕ್ಕೆ ಡೈರಿಯವರು ಖಡಾಖಂಡಿತವಾಗಿ ಹೇಳಿದರು. ಮುಂದಿನ ಬೇಸಿಗೆಯೊಳಗೆ ಸೇತುವೆ ಸರಿಹೋಗದಿದ್ದರೆ ಟ್ಯಾಂಕರು ಬರುವುದಿಲ್ಲ. ಟ್ಯಾಂಕರು ಬಾರದಿದ್ದರೆ ಹಾಲು ಚೆಲ್ಲಬೇಕು, ಹಸು ಮಾರಬೇಕು. ಅವು ಅಜ್ಜನ ಕಾಲದಿಂದ ಬಂದ ತಳಿ. ಒಂದೊಂದಕ್ಕೂ ಹೆಸರಿತ್ತು. ರೈತನಿಗೆ ಆಗ ಭಯ ಹುಟ್ಟಿತು. ಹಾಲು ಕರೆಯಲು ಕುಳಿತವನು ಅಳುತ್ತಿದ್ದ ಎಂದು ಅವನ ಹೆಂಡತಿಯೇ ಆಮೇಲೆ ಹೇಳಿದಳಂತೆ.

ಚುನಾವಣೆ ಹತ್ತಿರವಾಯಿತು. ಈ ಸಲ ಕೊಟ್ಟಿಗೆಯ ಗೋಡೆಯಷ್ಟು ದೊಡ್ಡ ಬೋರ್ಡು ಮಾಡಿದ. ಬಣ್ಣ ಬಳಿದ. ಮೋಡ ಕವಿದ ವಾರ, ಬಣ್ಣ ಒಣಗಲೇ ಇಲ್ಲ. ಬೋರ್ಡು ಕೊಟ್ಟಿಗೆಯೊಳಗೆ ಮಲಗಿತು. ಮನೆಯ ಮುಂದೆ ಬರೀ ಹುಲ್ಲು ಉಳಿಯಿತು.

ಶನಿವಾರ ಬೆಳಗ್ಗೆ ಎದುರು ಪಕ್ಷದ ಇಬ್ಬರು ಬಂದು ಬಾಗಿಲು ತಟ್ಟಿದರು. ರೈತ ಮುಖ ಗಂಟು ಹಾಕಿದ. ಹೆಂಡತಿ ಮನೆಗೆ ಬಂದವರೆಂದು ಕೂರಿಸಿ ಕಡುಬು ಕೊಟ್ಟಳು. ಏನು ಬೇಕು ಎಂದು ಅವರು ಕೇಳಿದರು. ಸೇತುವೆ ಎಂದಳು. ಬರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಅವನ ಪಕ್ಷದವರೇ ಏದುಸಿರು ಬಿಡುತ್ತ ಬಂದರು.

“ಇಷ್ಟು ವರ್ಷ ನೀವೆಲ್ಲಿದ್ದಿರಿ?” ಎಂದು ರೈತ ಕೇಳಿದ.

“ಬೋರ್ಡು ಇರುವ ಮನೆಗೆ ಹೋಗಿ ಹೊತ್ತು ಕಳೆಯಬೇಡಿ, ಅವರು ಹೇಗೂ ನಮ್ಮವರು ಎಂದು ನಮಗೆ ಹೇಳಿ ಕಳಿಸುತ್ತಾರೆ,” ಎಂದನು ಬಂದವರಲ್ಲಿ ಒಬ್ಬ. “ಎದುರಿನವರೂ ಬೋರ್ಡು ನೋಡಿ ಹಾಗೇ ಮುಂದೆ ಹೋಗುತ್ತಾರೆ. ಈ ಸಲ ನಿಮ್ಮಲ್ಲಿ ಬೋರ್ಡು ಕಾಣಲಿಲ್ಲ. ಕೈಬಿಟ್ಟಿರೇನೋ ಎಂದು ಹೆದರಿ ಓಡಿ ಬಂದೆವು. ಹೇಳಿ, ನಿಮಗೇನು ಆಗಬೇಕು?”

ರೈತನಿಗೆ ಸಿಟ್ಟೂ ಬಂತು, ನಗುವೂ ಬಂತು. ಆಮೇಲೆ ಅವರನ್ನು ಹಳ್ಳದ ಬಳಿಗೆ ಕರೆದುಕೊಂಡು ಹೋಗಿ ಬಿರುಕು ತೋರಿಸಿದ.

ಆ ವಾರ ಇಬ್ಬರು ಅಭ್ಯರ್ಥಿಗಳೂ ತಮ್ಮ ಸಭೆಗಳಲ್ಲಿ ಸೇತುವೆಯ ಮಾತಾಡಿದರು. ಯಾರು ಗೆದ್ದರೂ ಕಟ್ಟದೆ ವಿಧಿಯಿಲ್ಲ ಎನ್ನುವಂತಾಯಿತು. ಬೇಸಿಗೆಗೆ ಮುಂಚೆಯೇ ಸೇತುವೆ ಆಯಿತು. ಟ್ಯಾಂಕರು ತುಂಬಿಕೊಂಡು ದಾಟಿತು. ಎಪ್ಪತ್ತು ಹಸುವೂ ಕೊಟ್ಟಿಗೆಯಲ್ಲೇ ಉಳಿದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ರೈತ ಆ ಸಲ ಯಾರಿಗೆ ಮತ ಹಾಕಿದ ಬುದ್ಧೀ?” ಎಂದು ಮರುಳಪ್ಪ ಕೇಳಿದ.

“ಅಜ್ಜ ಹಾಕಿದ ಪಕ್ಷಕ್ಕೇ. ನಿಷ್ಠೆ ಎಲ್ಲಿಗೂ ಹೋಗಲಿಲ್ಲ. ಬೋರ್ಡು ಮಾತ್ರ ಕರುಗಳ ಗೂಡಿಗೆ ಸೂರಾಯಿತು. ಈಗ ಚುನಾವಣೆ ಬಂದರೆ ಆ ಮನೆಯಲ್ಲಿ ಕಡುಬು ಸಾಲುವುದಿಲ್ಲವಂತೆ.”

ಗುರುಗಳು ನಕ್ಕರು. ಮರುಳಪ್ಪನೂ ನಕ್ಕ.

“ಹಾಗಾದರೆ ತಪ್ಪು ಪಕ್ಷದವರದೇ,” ಎಂದ ಅವನು. “ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮಲ್ಲಿ ಹೇಳುವ ಹಾಗಾಯಿತು.”

ಗುರುಗಳು ಅವನನ್ನು ದಿಟ್ಟಿಸಿ ನೋಡಿದರು. ಅವರ ಮುಖದ ನಗು ಮೆಲ್ಲಗೆ ಇಳಿಯಿತು.

“ನೀನು ಸೇವೆಗೆ ನಿಂತ ಹದಿನಾಲ್ಕು ವರ್ಷದಿಂದ ಈ ಮಠಕ್ಕೆ ಬಂದವರನ್ನೆಲ್ಲ ಏನು ಬೇಕಪ್ಪ ಎಂದು ಕೇಳಿದ್ದೇನೆ, ನಿನ್ನನ್ನು ಒಮ್ಮೆಯೂ ಕೇಳಲಿಲ್ಲ, ನಿನಗೇನು ಬೇಕು ಮರುಳಪ್ಪ?”