ದುಂಡಕ್ಕನ ಮಾತು, ಕೆಂಬೂತದ ಕೊಕ್ಕು

ಮಕ್ಕಳೇ, ಕಾಡಂಚಿನ ಎಲಚಿ ಮರವೊಂದರಲ್ಲಿ ದುಂಡಕ್ಕ ಎಂಬ ಕಾಡು ರೇಷ್ಮೆಹುಳು ಇದ್ದಳು. ಎರಡು ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ: ಎಲೆ ತಿನ್ನುವುದು, ಎದುರುತ್ತರ ಕೊಡುವುದು. ಯಾರು ಏನೇ ಅಂದರೂ ಕೊನೆಯ ಮಾತು ಅವಳದೇ ಆಗಬೇಕು.

ತಿಂದು ತಿಂದು ಮೈ ತುಂಬಿದ ಮೇಲೆ ದುಂಡಕ್ಕ ಬಾಯಿಂದ ನೂಲು ತೆಗೆದು, ಕೊಂಬೆಗೆ ಜೋತುಬಿದ್ದಂತೆ ಒಂದು ಗೂಡು ಹೆಣೆದು ಒಳಗೆ ಕುಳಿತಳು. ಹೊರಗಿನಿಂದ ನೋಡಿದರೆ ಥೇಟ್ ಒಣಗಿದ ಕಾಯಿ.

ಪಕ್ಕದ ಪೊಟರೆಯ ಅಳಿಲು ರೇಕವ್ವ ಬಂದು ಹೇಳಿದಳು, "ಗೋಡೆ ಇನ್ನೂ ಹಸಿ. ಗಟ್ಟಿಯಾಗುವವರೆಗೆ ಬಾಯಿ ಬಿಡಬೇಡ ತಾಯಿ. ಹುಳು ತಿನ್ನುವ ಕೆಂಬೂತ ಹಕ್ಕಿ ಇಲ್ಲೇ ಸುಳಿದಾಡುತ್ತಿದೆ."

"ಸುಮ್ಮನಿರೋದು ನನಗೇನೂ ಕಷ್ಟವಲ್ಲ. ನೀನು ಹೇಳಿಕೊಡಬೇಕಾಗಿಲ್ಲ," ಎಂದಳು ದುಂಡಕ್ಕ ಒಳಗಿಂದಲೇ.

ಮರುದಿನ ಬೆಳಿಗ್ಗೆ ಕೆಂಬೂತ ಬಂದೇಬಿಟ್ಟಿತು. ಮರದ ತುಂಬ ಒಣಗಿದ ಕಾಯಿಗಳು. ಯಾವುದು ಕಾಯಿ, ಯಾವುದು ಗೂಡು ಎಂದು ಅದಕ್ಕೆ ತಿಳಿಯಲಿಲ್ಲ. ಆದರೆ ದುಂಡಕ್ಕನ ಸ್ವಭಾವ ಚೆನ್ನಾಗಿ ತಿಳಿದಿತ್ತು.

"ಪಾಪ, ದುಂಡಕ್ಕನಿಗೆ ಗೂಡು ಹೆಣೆಯೋಕೇ ಬರಲಿಲ್ಲವಂತೆ," ಎಂದು ಅದು ಜೋರಾಗಿ ಹೇಳಿತು. "ನಾಚಿಕೆಯಿಂದ ಮರ ಬಿಟ್ಟೇ ಹೋದಳಂತೆ."

"ಯಾರು ಹೇಳಿದ್ದು? ಇಂಥ ಗೂಡು ನಿನ್ನ ವಂಶದಲ್ಲಿ ಯಾರಾದರೂ ಕಟ್ಟಿದ್ದಾರಾ?"

ಮಾತು ಮುಗಿಯುವುದರೊಳಗೆ ಚೂಪಾದ ಕೊಕ್ಕು ಗೋಡೆ ಸೀಳಿಕೊಂಡು ಒಳಗೆ ಬಂತು. ದುಂಡಕ್ಕ ಮುದುಡಿ ಹಿಂಬದಿಯ ಗೋಡೆಗೆ ಅಂಟಿಕೊಂಡಳು.

ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ರೇಕವ್ವ ಕೂಗಿದಳು, "ಕೆಂಬೂತಣ್ಣ, ನಿನ್ನ ಪೊದೆಯೊಳಗೆ ಮುಂಗುಸಿ ನುಗ್ಗಿತು. ಮೊಟ್ಟೆ ನೋಡಿಕೋ ಹೋಗು."

ಕೆಂಬೂತ ಎದ್ದೆನೋ ಬಿದ್ದೆನೋ ಎಂದು ಹಾರಿತು. ದುಂಡಕ್ಕ ಹೊಟ್ಟೆಯಲ್ಲಿ ಉಳಿದಿದ್ದ ನೂಲನ್ನೆಲ್ಲ ತೆಗೆದು ತೂತಿಗೆ ತೇಪೆ ಹಾಕಿದಳು. ಇನ್ನೊಂದು ತೂತು ಬಿದ್ದರೆ ಮುಚ್ಚಲು ಒಂದೆಳೆಯೂ ಉಳಿದಿರಲಿಲ್ಲ.

ಪೊದೆಯಲ್ಲಿ ಮುಂಗುಸಿ ಇಲ್ಲವೆಂದು ತಿಳಿದ ಕೆಂಬೂತ ಮತ್ತೆ ಬಂತು. ಗಡಿಬಿಡಿಯಲ್ಲಿ ಹಾರಿದ್ದರಿಂದ ಯಾವ ಕೊಂಬೆಯೆಂದು ನೆನಪಿರಲಿಲ್ಲ, ತೂತಿರುವ ಗೂಡಿಗಾಗಿ ಹುಡುಕಿತು. ಯಾವುದರಲ್ಲೂ ತೂತಿಲ್ಲ. ಸರಿ, ಹಳೆಯ ಉಪಾಯವನ್ನೇ ಹೂಡಿತು.

"ದುಂಡಕ್ಕ ಹೇಡಿ. ಅವಳ ಅಮ್ಮ ಸೋಮಾರಿ. ಅವಳಜ್ಜಿಯಂತೂ ಪಕ್ಕದ ಮರದ ಎಲೆ ಕದ್ದು ತಿಂದವಳು."

ಜೀವಮಾನದಲ್ಲೇ ಅತಿ ಒಳ್ಳೆಯ ಉತ್ತರವೊಂದು ದುಂಡಕ್ಕನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಕೆಂಬೂತ ಬೈದು ಬೈದು ಗಂಟಲು ಒಣಗಿ ಹೊರಟುಹೋಯಿತು.

ಗೂಡು ಕಲ್ಲಿನಂತೆ ಗಟ್ಟಿಯಾಯಿತು. ಒಳಗೆ ಹಳೆಯ ದುಂಡಕ್ಕ ಸ್ವಲ್ಪಸ್ವಲ್ಪವಾಗಿ ಕರಗಿದಳು. ಎಲೆ ಕಡಿಯುವ ದವಡೆ ಹೋಯಿತು, ಕುಳ್ಳ ಕಾಲುಗಳು ಹೋದವು, ರೆಕ್ಕೆ ಮೂಡಿತು. ವಾರಗಳು ಕಳೆದ ಮೇಲೊಂದು ಮುಸ್ಸಂಜೆ ಅವಳು ಗೋಡೆಯನ್ನು ಒಳಗಿಂದ ನೆನೆಸಿ, ಎಳೆಗಳನ್ನು ಸರಿಸಿ ಹೊರಬಂದಳು. ಒದ್ದೆ ರೆಕ್ಕೆ ಒಣಗಲೆಂದು ಕೊಂಬೆಗೆ ಜೋತುಬಿದ್ದಳು.

ಕೆಂಬೂತ ಎದುರಿಗೇ ಬಂದು ಕುಳಿತಿತು. "ಇವತ್ತಾದರೂ ಮಾತಾಡುತ್ತೀಯಾ?"

ದುಂಡಕ್ಕ ರೆಕ್ಕೆಗಳನ್ನು ಅಗಲವಾಗಿ ತೆರೆದಳು. ಅವುಗಳ ಮೇಲಿದ್ದ ಕಣ್ಣುಗಳಂಥ ನಾಲ್ಕು ದುಂಡನೆಯ ಮಚ್ಚೆಗಳು ಗೂಬೆಯಂತೆ ದುರುಗುಟ್ಟಿ ನೋಡಿದವು. ಕೆಂಬೂತ ಬೆದರಿ ಹಿಂದಕ್ಕುರುಳಿ ಪೊದೆಯೊಳಗೆ ಬಿದ್ದು, ಅಲ್ಲಿಂದಲೇ ಓಡಿತು.

ನೀತಿ: ಕೆಣಕಿದವರಿಗೆಲ್ಲ ಉತ್ತರ ಕೊಡಬೇಕಾಗಿಲ್ಲ, ಬೆಳೆಯುವ ಹೊತ್ತಿನಲ್ಲಿ ಮೌನವೇ ಕಾವಲು.